ಡ್ಯಾಕ್ ಕೊಳ್ಳುವ ಮುನ್ನ ಒಂದು ಮಲ್ಟಿಮೀಟರ್ ಕೊಳ್ಳಿ

ಆ್ಯಪಲ್ ಕಂಪನಿ ಅಮೆರಿಕದಲ್ಲಿ ಒಂಬತ್ತು ಡಾಲರಿಗೆ ಬೆರಳುದ್ದದ ಬಿಳಿ ವೈರಿನ ತುಂಡೊಂದನ್ನು ಮಾರುತ್ತದೆ. ಒಂದು ತುದಿಯನ್ನು ಫೋನಿಗೆ ಚುಚ್ಚಿ, ಇನ್ನೊಂದಕ್ಕೆ ಹಳೆಯ ಇಯರ್‌ಫೋನ್ ಸಿಕ್ಕಿಸಿದರೆ ಹಾಡು ಶುರು. ಇತ್ತ ಇಂಗ್ಲೆಂಡಿನ ಡಿಸಿಎಸ್, ಅಮೆರಿಕದ ಎಂಎಸ್‌ಬಿ ಟೆಕ್ನಾಲಜಿಯಂಥ ಕಂಪನಿಗಳ ಮೇಲ್ದರ್ಜೆಯ ಅಲ್ಯುಮಿನಿಯಂ ಪೆಟ್ಟಿಗೆಗಳಿಗೆ ಹತ್ತಾರು ಲಕ್ಷ ರೂಪಾಯಿ. ಎರಡರ ಕಸುಬೂ ಒಂದೇ: ಫೈಲಿನಲ್ಲಿರುವ ಅಂಕಿಗಳನ್ನು ಓದುವುದು, ಅವಕ್ಕೆ ತಕ್ಕಂತೆ ಏರಿಳಿಯುವ ವೋಲ್ಟೇಜನ್ನು ಆಂಪ್ಲಿಫೈಯರಿಗೆ ಕೊಡುವುದು. ಪೂರ್ತಿ ಹೆಸರು ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಸಂಗೀತ ಕೇಳುವ ಹುಚ್ಚು ಹತ್ತಿದವರ ಬಾಯಲ್ಲಿ ‘ಡ್ಯಾಕ್’.

ಬೆಲೆಯಲ್ಲಿ ಇಷ್ಟು ಅಂತರವಿದ್ದರೆ ದನಿಯಲ್ಲೂ ಅಷ್ಟೇ ಇರಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೇನೂ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೂ ಕೆಲವು ಡ್ಯಾಕ್‌ಗಳು ಕಿವಿಗೆ ಬೇರೆಯಾಗಿಯೇ ಕೇಳುತ್ತವೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆ ವ್ಯತ್ಯಾಸಕ್ಕೆ ಅವರು ಕೊಡುವ ಕಾರಣ ಮಾತ್ರ ಸಾಮಾನ್ಯವಾಗಿ ತಪ್ಪಾಗಿರುತ್ತದೆ.

ಮೊದಲು ಅಂಕಿಗಳ ಸಂಗತಿ ನೋಡೋಣ. ಸಿಡಿಯಲ್ಲಿ ಪ್ರತಿ ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಬರೆದಿಡುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಅಂದರೆ 65,536 ಮಟ್ಟಗಳಲ್ಲಿ ಒಂದು. ಈ 44,100 ಎಲ್ಲಿಂದ ಬಂತು? ಆಗಿನ ಕಾಲಕ್ಕೆ ಇಷ್ಟೊಂದು ಅಂಕಿಗಳನ್ನು ಹಿಡಿದಿಡಬಲ್ಲ ಅಗ್ಗದ ಸಾಧನವೆಂದರೆ ವಿಡಿಯೊ ಟೇಪ್. ಟಿವಿ ಚಿತ್ರದ ಒಂದೊಂದು ಗೆರೆಯಲ್ಲೂ ಮೂರು ಅಳತೆ ತುಂಬಿದರು. ಗೆರೆ 245, ಸೆಕೆಂಡಿಗೆ 60 ಫೀಲ್ಡ್; ಮೂರನ್ನೂ ಗುಣಿಸಿದರೆ 44,100. ಯುರೋಪಿನ ಟಿವಿ ಪದ್ಧತಿಯಲ್ಲಿ 294 ಗೆರೆ, 50 ಫೀಲ್ಡ್. ಗುಣಿಸಿದರೆ ಮತ್ತೆ ಅದೇ 44,100. ಟಿವಿ ಎಂಜಿನಿಯರುಗಳ ಈ ಲೆಕ್ಕಾಚಾರವನ್ನೇ ನಾವು ಇವತ್ತಿಗೂ ಕೇಳುತ್ತಿದ್ದೇವೆ.

ಈ ಅಳತೆಗಳನ್ನು ಮೆಟ್ಟಿಲುಗಳಂತೆ ಬರೆದು, ‘ಡಿಜಿಟಲ್ ಎಂದರೆ ಒರಟು, ಅನಲಾಗ್ ಎಂದರೆ ನಯ’ ಎಂದು ತೋರಿಸುವ ಚಿತ್ರವನ್ನು ನೀವು ಜಾಹೀರಾತುಗಳಲ್ಲಿ ನೋಡಿರುತ್ತೀರಿ. ಆ ಚಿತ್ರ ದಾರಿ ತಪ್ಪಿಸುತ್ತದೆ. ಫೈಲಿನಲ್ಲಿ ಇರುವುದು ಬಿಡಿ ಬಿಂದುಗಳು. ಮೂಲ ಸದ್ದಿನಲ್ಲಿ 22,050 ಹರ್ಟ್ಸ್‌ಗಿಂತ ಮೇಲಿನದು ಏನೂ ಇಲ್ಲದಿದ್ದರೆ, ಆ ಬಿಂದುಗಳನ್ನೆಲ್ಲ ಹಾಯ್ದು ಹೋಗುವ ವಕ್ರರೇಖೆ ಒಂದೇ ಒಂದು. ಎರಡನೆಯದಕ್ಕೆ ಅವಕಾಶವೇ ಇಲ್ಲ. ಕ್ಲಾಡ್ ಶಾನನ್ 1949ರಲ್ಲಿ ಸಂವಹನ ಎಂಜಿನಿಯರುಗಳಿಗೆ ಮನದಟ್ಟು ಮಾಡಿಕೊಟ್ಟ ಗಣಿತ ಇದು. ಆ ಒಂದೇ ರೇಖೆಯನ್ನು ಹುಡುಕಿ ಎಳೆಯುವುದು ಡ್ಯಾಕ್‌ನ ಒಳಗಿರುವ ಫಿಲ್ಟರ್. ಮೆಟ್ಟಿಲುಗಳು ಅಲ್ಲಿಗೆ ಮಾಯವಾಗುತ್ತವೆ.

ಗಣಿತ ಸುಲಭ, ಕಬ್ಬಿಣ ಕಷ್ಟ. ಸೋನಿ ಕಂಪನಿ 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಸಿಡಿಪಿ-101 ಪ್ಲೇಯರಿನಲ್ಲಿ ಡ್ಯಾಕ್ ಎಷ್ಟು ದುಬಾರಿಯಾಗಿತ್ತೆಂದರೆ ಎಡಕ್ಕೂ ಬಲಕ್ಕೂ ಸೇರಿ ಒಂದನ್ನೇ ಹಾಕಿದ್ದರು. ಅದು ಒಂದು ಕ್ಷಣ ಎಡದ ಕೆಲಸ, ಮರುಕ್ಷಣ ಬಲದ ಕೆಲಸ ಮಾಡಿಕೊಂಡು ಹೋಗುತ್ತಿತ್ತು. ಹೀಗಾಗಿ ಎರಡು ಚಾನೆಲ್‌ಗಳ ನಡುವೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಹನ್ನೊಂದು ಪಾಲು ತಡ. ಒಂದು ಸ್ಪೀಕರನ್ನು ನಾಲ್ಕು ಮಿಲಿಮೀಟರ್ ಹಿಂದಕ್ಕೆ ತಳ್ಳಿದರೆ ಆಗುವಷ್ಟೇ ವ್ಯತ್ಯಾಸ!

ಫಿಲಿಪ್ಸ್‌ನವರ ಪಜೀತಿ ಇನ್ನೂ ಸ್ವಾರಸ್ಯದ್ದು. ಸಿಡಿಗೆ 14 ಬಿಟ್ ಸಾಕೆಂದು ಅವರು ಆ ಅಳತೆಯ ಚಿಪ್ ಸಿದ್ಧಮಾಡಿಕೊಂಡಿದ್ದರು. ಸೋನಿ ಪಟ್ಟು ಹಿಡಿದು 16 ಮಾಡಿಸಿತು. ಕೈಯಲ್ಲಿರುವ 14 ಬಿಟ್ ಚಿಪ್ಪನ್ನು ಏನು ಮಾಡುವುದು? ಅವರು ಅದನ್ನು ನಾಲ್ಕು ಪಟ್ಟು ವೇಗದಲ್ಲಿ, ಸೆಕೆಂಡಿಗೆ 1,76,400 ಸಲ ಓಡಿಸಿದರು. ಒಂದು ಅಳತೆಯಲ್ಲಿ ಉಳಿದುಹೋದ ತಪ್ಪನ್ನು ಮುಂದಿನ ಅಳತೆಯಲ್ಲಿ ಕಳೆಯುತ್ತ ಹೋದರು. ಹಾಗೆ ಮಾಡಿದಾಗ ತಪ್ಪುಗಳ ಗದ್ದಲವೆಲ್ಲ ಕಿವಿಗೆ ನಿಲುಕದ ಎತ್ತರದ ಕಂಪನಾಂಕಗಳತ್ತ ಸರಿಯಿತು, ಕೇಳುವ ಭಾಗದಲ್ಲಿ 16 ಬಿಟ್‌ನಷ್ಟೇ ಸ್ವಚ್ಛತೆ ಉಳಿಯಿತು. ಓವರ್‌ಸ್ಯಾಂಪ್ಲಿಂಗ್, ನಾಯ್ಸ್ ಶೇಪಿಂಗ್ ಎಂಬ ಈ ಎರಡು ಉಪಾಯಗಳೇ ಇಂದಿನ ಬಹುತೇಕ ಡ್ಯಾಕ್‌ಗಳ ಜೀವಾಳ.

ಇಷ್ಟೆಲ್ಲ ಸುತ್ತು ಬಳಸುವುದು ಯಾಕೆ, 16 ಬಿಟ್‌ಗೆ 16 ಸ್ವಿಚ್ ಹಾಕಿ ನೇರವಾಗಿ ಕೂಡಿಸಬಾರದೇ ಎಂದರೆ, ಹಾಕಬಹುದು. ‘ಆರ್-ಟು-ಆರ್ ಲ್ಯಾಡರ್’ ಎಂದು ಅಭಿಮಾನಿಗಳು ಕೊಂಡಾಡುವ ವಿನ್ಯಾಸ ಅದೇ. ಅಂಗಡಿಯ ತೂಕದ ಕಲ್ಲುಗಳಂತೆ ಪ್ರತಿ ಬಿಟ್ಟೂ ಹಿಂದಿನದರ ಅರ್ಧ ತೂಕ. ದೊಡ್ಡ ಕಲ್ಲಿನಲ್ಲೇ ಚೂರು ಸವಕಳಿ ಇದ್ದರೆ ಸಣ್ಣ ಕಲ್ಲುಗಳು ಎಷ್ಟು ನಿಖರವಾಗಿದ್ದರೇನು? ಲೆಕ್ಕ ಹಾಕಿ: ಅತಿ ದೊಡ್ಡ ಬಿಟ್‌ನ ತೂಕ 32,768 ಮಟ್ಟ. ಅದರ ರೆಸಿಸ್ಟರಿನಲ್ಲಿ ಶೇ 0.01ರಷ್ಟು ತಪ್ಪಿದ್ದರೂ ಮೂರು ಮಟ್ಟಗಳಿಗಿಂತ ಹೆಚ್ಚು ಎಡವಟ್ಟಾಗುತ್ತದೆ. ಸರಳ ಲ್ಯಾಡರಿನಲ್ಲಿ ಈ ಎಡವಟ್ಟು ಆಗುವುದು ಅಲೆ ಸೊನ್ನೆಯನ್ನು ದಾಟುವ ಜಾಗದಲ್ಲಿ, ಅಂದರೆ ಮೆಲುದನಿಯ ಸಂಗೀತ ಸದಾ ಓಡಾಡುವ ಕಡೆಯಲ್ಲಿ! ಅದಕ್ಕೇ ಒಳ್ಳೆಯ ಲ್ಯಾಡರ್ ಡ್ಯಾಕ್ ಮಾಡುವವರು ರೆಸಿಸ್ಟರುಗಳನ್ನು ಆಯ್ದು ಜೋಡಿಸುತ್ತಾರೆ, ಧನ-ಋಣ ಭಾಗಗಳಿಗೆ ಬೇರೆ ಬೇರೆ ಲ್ಯಾಡರ್ ಕೊಡುತ್ತಾರೆ, ಬಿಸಿಯಾದಾಗ ಬೆಲೆ ಅಲುಗದಂತೆ ನೋಡಿಕೊಳ್ಳುತ್ತಾರೆ. ದುಡ್ಡು ಹೋಗುವುದು ಇಲ್ಲಿ. ಆ ಕುಸುರಿ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಇಷ್ಟೆಲ್ಲ ಬೆವರು ಹರಿಸಿ ಅವರು ಮುಟ್ಟುವ ಮಟ್ಟವನ್ನು ‘ಡೆಲ್ಟಾ-ಸಿಗ್ಮಾ’ ಎಂಬ ಇನ್ನೊಂದು ಬಗೆಯ ಚಿಪ್ಪು ಕೆಲವು ನೂರು ರೂಪಾಯಿಗೆ ಮುಟ್ಟಿಬಿಡುತ್ತದೆ. ಕೆಲವೇ ಬಿಟ್‌ಗಳನ್ನು ಸೆಕೆಂಡಿಗೆ ಹತ್ತಾರು ಲಕ್ಷ ಸಲ ಮಿಡಿಸಿ, ತಪ್ಪನ್ನು ಆಗಾಗಲೇ ತಿದ್ದಿಕೊಳ್ಳುವ ಉಪಾಯ ಅದರದ್ದು. ಅಮೆರಿಕದ ಇಎಸ್‌ಎಸ್, ಜಪಾನಿನ ಎಕೆಎಂ ಇದರ ದೊಡ್ಡ ತಯಾರಕರು. 2020ರ ಅಕ್ಟೋಬರಿನಲ್ಲಿ ನೊಬೆಯೊಕಾ ಊರಿನ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿದಾಗ, ಬೇರೆ ಬೇರೆ ಹೆಸರಿನ, ಬೇರೆ ಬೇರೆ ಬೆಲೆಯ ಎಷ್ಟೊಂದು ಪೆಟ್ಟಿಗೆಗಳೊಳಗೆ ಒಂದೇ ಮನೆಯ ಚಿಪ್ಪು ಕೂತಿತ್ತೆಂಬುದು ಲೋಕಕ್ಕೆ ಗೊತ್ತಾಯಿತು.

ಇನ್ನು 24 ಬಿಟ್, 32 ಬಿಟ್ ಎಂದು ಡಬ್ಬದ ಮೇಲೆ ಅಚ್ಚು ಹಾಕುತ್ತಾರಲ್ಲ, ಅದರ ಕತೆ. ಡ್ಯಾಕ್ ಸಾಮಾನ್ಯವಾಗಿ ಕೊಡುವುದು 2 ವೋಲ್ಟ್. ಅದನ್ನು 24 ಬಿಟ್‌ಗೆ ಹಂಚಿದರೆ ಒಂದು ಮಟ್ಟಕ್ಕೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಸುಮಾರು ಮೂರನೇ ಒಂದು ಭಾಗ ಬರುತ್ತದೆ. ಒಂದು ಕಿಲೋಓಮ್ ರೆಸಿಸ್ಟರನ್ನು ಸುಮ್ಮನೆ ಮೇಜಿನ ಮೇಲಿಟ್ಟರೂ ಕೋಣೆಯ ಶಾಖಕ್ಕೆ ಅದರೊಳಗಿನ ಎಲೆಕ್ಟ್ರಾನುಗಳು ಕುಣಿದಾಡಿ ಅದಕ್ಕಿಂತ ಹೆಚ್ಚಿನ ಗದ್ದಲ ಹುಟ್ಟಿಸುತ್ತವೆ. ಬೆಲ್ ಲ್ಯಾಬ್ಸ್‌ನ ಜಾನ್ ಜಾನ್ಸನ್ ಈ ಗದ್ದಲವನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಅದಕ್ಕೆ 1928ರಲ್ಲಿ ಸೂತ್ರ ಕೊಟ್ಟರು. ಅದೇ ನೈಕ್ವಿಸ್ಟ್, ಅದೇ ವರ್ಷ, ಟೆಲಿಗ್ರಾಫ್ ಕುರಿತು ಬರೆದ ಇನ್ನೊಂದು ಪ್ರಬಂಧವೇ ಅಂಕಿಗಳಲ್ಲಿ ಸದ್ದು ಹಿಡಿಯುವ ಗಣಿತಕ್ಕೆ ಬುನಾದಿಯಾಯಿತು. ಡಿಜಿಟಲ್ ಸದ್ದಿಗೆ ದಾರಿ ತೋರಿದವರೇ ಅದರ ಎಲ್ಲೆಯನ್ನೂ ಗುರುತಿಸಿಟ್ಟರು. ಇವತ್ತಿನ ಅತ್ಯುತ್ತಮ ಡ್ಯಾಕ್‌ಗಳು ನಿಜಕ್ಕೂ ಕೊಡುವುದು 21 ಬಿಟ್ ಆಸುಪಾಸು. ಡಬ್ಬದ ಮೇಲಿನ 32 ಭೌತಶಾಸ್ತ್ರದ್ದಲ್ಲ, ಮಾರಾಟ ವಿಭಾಗದ್ದು.

ಹಾಗಿದ್ದರೆ ಕಿವಿಗೆ ಬೀಳುವ ವ್ಯತ್ಯಾಸ ಯಾವುದು?

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಮಟ್ಟ. ಒಂದು ಡ್ಯಾಕ್ 2 ವೋಲ್ಟ್, ಇನ್ನೊಂದು 3 ವೋಲ್ಟ್ ಕೊಟ್ಟರೆ ಎರಡನೆಯದು ಮೂರೂವರೆ ಡೆಸಿಬಲ್ ಜೋರು. ಇಷ್ಟು ಅಂತರ ಯಾರಿಗಾದರೂ ಗೊತ್ತಾಗುತ್ತದೆ. ಅಪಾಯವಿರುವುದು ಅರ್ಧ ಡೆಸಿಬಲ್‌ನಲ್ಲಿ. ಅದು ಜೋರು ಎಂದು ಕೇಳುವುದಿಲ್ಲ. ‘ವಿವರ ಹೆಚ್ಚು’, ‘ಗಾಯಕಿ ಮುಂದೆ ಬಂದು ನಿಂತಳು’ ಎಂದು ಕೇಳುತ್ತದೆ. ಅಂಗಡಿಯಲ್ಲಿ ದುಬಾರಿ ಪೆಟ್ಟಿಗೆ ಗೆಲ್ಲಲು ಇಷ್ಟೇ ಸಾಕು.

ಎರಡನೆಯದು ಫಿಲ್ಟರ್. ‘ನಾಸ್’ ಎಂದು ಕರೆಸಿಕೊಳ್ಳುವ, ಓವರ್‌ಸ್ಯಾಂಪ್ಲಿಂಗ್ ಬಿಟ್ಟ ಡ್ಯಾಕ್‌ಗಳಿವೆ. ಅವುಗಳ ದನಿ ಬೆಚ್ಚಗೆ, ಹಿತವಾಗಿ, ಹಳೆಯ ರೇಡಿಯೊದಂತೆ ಇರುತ್ತದೆ ಎನ್ನುತ್ತಾರೆ. ಮಂತ್ರವೇನಿಲ್ಲ: ಸಿಡಿ ಹಾಕಿದಾಗ ಅವು 10,000 ಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬಲ್, 20,000ದಲ್ಲಿ ಮೂರು ಡೆಸಿಬಲ್ ಸದ್ದನ್ನು ನುಂಗುತ್ತವೆ. ಖಂಜಿರದ ಬಿಲ್ಲೆ, ತಾಳದ ಕಿಣಿಕಿಣಿ, ತಂಬೂರಿಯ ಜೀವಾಳದ ಮೇಲ್‌ಸ್ವರಗಳು ತುಸು ಮಂಕಾಗುತ್ತವೆ. ಟ್ರೆಬಲ್ ಗುಂಡಿಯನ್ನು ಸ್ವಲ್ಪ ತಿರುಗಿಸಿದರೂ ಇದೇ ಹಿತ ಪುಕ್ಕಟೆ ಸಿಗುತ್ತದೆ.

ಮೂರನೆಯದನ್ನು ಅಂಗಡಿಯವರು ಹೇಳುವುದೇ ಅಪರೂಪ. ಈಚಿನ ಸಿನಿಮಾ ಹಾಡುಗಳನ್ನು ಅಂಕಿಗಳ ಚಾವಣಿಗೆ ತಾಗುವಷ್ಟು ಜೋರಾಗಿ ಮಾಸ್ಟರ್ ಮಾಡುತ್ತಾರೆ. ಎರಡು ಬಿಂದುಗಳ ನಡುವೆ ಫಿಲ್ಟರ್ ಎಳೆಯುವ ರೇಖೆ ಆಗ ಚಾವಣಿಯನ್ನೂ ದಾಟಿ ಮೇಲಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಜಾಗ ಇಟ್ಟಿರದ ಡ್ಯಾಕ್ ತಲೆಯನ್ನು ಕತ್ತರಿಸುತ್ತದೆ. ಗದ್ದಲದ ಹಾಡು ಇನ್ನಷ್ಟು ಕರಕರ ಎನ್ನುತ್ತದೆ. ಅಮೆರಿಕದ ಬೆಂಚ್‌ಮಾರ್ಕ್ ಕಂಪನಿ ತನ್ನ ಡ್ಯಾಕ್‌ಗಳಲ್ಲಿ ಮೂರೂವರೆ ಡೆಸಿಬಲ್ ಜಾಗ ಬಿಟ್ಟಿದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಕಂಪ್ಯೂಟರಿನ ಪ್ಲೇಯರಿನಲ್ಲೇ ದನಿಯನ್ನು ಮೂರು ಡೆಸಿಬಲ್ ಇಳಿಸಿಬಿಡಿ, ಖರ್ಚಿಲ್ಲದೆ ಕೆಲಸವಾಗುತ್ತದೆ.

ಇನ್ನೊಂದು ಸಮಸ್ಯೆ ನಮ್ಮ ಮನೆಗಳ ವೈರಿಂಗಿನದು. ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್, ಮೂರು ಪಿನ್ನಿನ ಆಂಪ್ಲಿಫೈಯರ್, ನಡುವೆ ಯುಎಸ್‌ಬಿ ವೈರು: ಅರ್ಥಿಂಗ್ ಸುತ್ತು ಹಾಕಿ 50 ಹರ್ಟ್ಸ್‌ನ ಗುಂಯ್ ಶುರುವಾಗುತ್ತದೆ, ಮೌಸ್ ಅಲುಗಾಡಿಸಿದರೆ ಸ್ಪೀಕರಿನಲ್ಲಿ ಚಿರ್ ಚಿರ್ ಎನ್ನುತ್ತದೆ. ಇದಕ್ಕೆ ಮದ್ದು ಆಪ್ಟಿಕಲ್ ಕೇಬಲ್ ಅಥವಾ ಬ್ಯಾಲೆನ್ಸ್ಡ್ ಜೋಡಣೆ. ಡ್ಯಾಕ್ ಕೊಳ್ಳುವಾಗ ಈ ಸಾಕೆಟ್‌ಗಳಿವೆಯೇ ಎಂದು ಹಿಂಬದಿ ತಿರುಗಿಸಿ ನೋಡುವುದು ಯಾವ ವಿಮರ್ಶೆ ಓದುವುದಕ್ಕಿಂತಲೂ ಉಪಯುಕ್ತ. ಗಡಿಯಾರದ ನಡುಕ, ಅಂದರೆ ಜಿಟರ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಈಗಿನ ಯುಎಸ್‌ಬಿ ಡ್ಯಾಕ್‌ಗಳು ತಮ್ಮದೇ ಗಡಿಯಾರಕ್ಕೆ ತಕ್ಕಂತೆ ಕಂಪ್ಯೂಟರಿನಿಂದ ಅಂಕಿಗಳನ್ನು ಕೇಳಿ ಪಡೆಯುತ್ತವೆ. ಆ ಕಾಯಿಲೆ ವಾಸಿಯಾಗಿ ವರ್ಷಗಳಾದವು. ಬ್ಲೂಟೂತ್ ಹೆಡ್‌ಫೋನಿನಲ್ಲೇ ಕೇಳುವವರಿಗಂತೂ ಡ್ಯಾಕ್ ಬೇಕಾಗಿಯೇ ಇಲ್ಲ, ಅದು ಹೆಡ್‌ಫೋನಿನ ಒಳಗೇ ಇದೆ.

ಕೇಳಿ ಆರಿಸುವ ಕ್ರಮ ಹೀಗೆ. 100 ಹರ್ಟ್ಸ್‌ನ ಶುದ್ಧ ಸ್ವರದ ಫೈಲೊಂದನ್ನು ಸಣ್ಣ ದನಿಯಲ್ಲಿ ನುಡಿಸಿ, ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟೇಜ್ ಓದಿ. ಎರಡು ತುದಿಗಳೂ ಒಂದಕ್ಕೊಂದು ತಾಗದಂತೆ ಎಚ್ಚರ. 1,000 ಹರ್ಟ್ಸ್ ಬೇಡ. ಅಗ್ಗದ ಮೀಟರುಗಳು ಮನೆಯ ಕರೆಂಟಿನ ಆಸುಪಾಸಿನ ಕಂಪನಾಂಕಕ್ಕೆ ಹೊಂದಿಕೊಂಡಂಥವು, ಮೇಲೆ ಹೋದರೆ ತಪ್ಪು ಹೇಳುತ್ತವೆ. ಒಂದು ಡ್ಯಾಕ್‌ನಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರ ಒಳಗೆ ಬರುವಂತೆ ದನಿ ಹೊಂದಿಸಿ. ಆಮೇಲೆ ಮನೆಯವರೊಬ್ಬರನ್ನು ಕರೆದು, ನಾಣ್ಯ ಚಿಮ್ಮಿ, ಯಾವ ಡ್ಯಾಕ್ ಎಂದು ನಿಮಗೆ ತಿಳಿಯದಂತೆ ಬದಲಿಸಲು ಹೇಳಿ. ನಿಮಗೆ ಚೆನ್ನಾಗಿ ಗೊತ್ತಿರುವ ಹಾಡೇ ಇರಲಿ: ಒಂಟಿ ವೀಣೆಯ ಮೀಟು ಮೌನಕ್ಕೆ ಕರಗುವ ಜಾಗ, ತಂಬೂರಿಯೊಂದೇ ಇರುವ ಆರಂಭದ ಕ್ಷಣಗಳು. ಹತ್ತು ಸುತ್ತಿನಲ್ಲಿ ಒಂಬತ್ತನ್ನಾದರೂ ಸರಿ ಗುರುತಿಸಿದರೆ ವ್ಯತ್ಯಾಸ ನಿಜವೆನ್ನಬಹುದು. ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ಒಂದು. ಎಂಟು ಬಂದರೆ ಇನ್ನೊಮ್ಮೆ ಆಡಿ.

ಈ ಆಟವನ್ನು ಪಂಡಿತರೂ ಆಡಿದ್ದಾರೆ. ಮೇಯರ್ ಮತ್ತು ಮೋರನ್ ಎಂಬಿಬ್ಬರು ಹೈ-ರೆಸಲ್ಯೂಶನ್ ಡಿಸ್ಕಿನ ಸದ್ದನ್ನು ನಡುವೆ ಸಿಡಿ ಗುಣಮಟ್ಟಕ್ಕೆ ಇಳಿಸಿ, ಇಳಿಸದೆ ಕೇಳಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 2016ರಲ್ಲಿ ಇಂಥ 18 ಪ್ರಯೋಗಗಳ 12,000ಕ್ಕೂ ಹೆಚ್ಚು ಪ್ರಯತ್ನಗಳನ್ನು ಒಟ್ಟುಗೂಡಿಸಿದಾಗ ಶೇ 52.3 ಸರಿಯುತ್ತರ ಸಿಕ್ಕಿತು. ತರಬೇತಿ ಪಡೆದವರು ಶೇ 60ರ ಆಚೀಚೆ. ಇದು ಸೊನ್ನೆಯಲ್ಲ, ನಿಜ. ಆದರೆ ಲಕ್ಷಗಟ್ಟಲೆ ಸುರಿಯುವಂಥದ್ದೂ ಅಲ್ಲ. ಐವತ್ತು ದಾಟಿದವರಂತೂ ನೆನಪಿಡಬೇಕು: ವಯಸ್ಸಿನೊಂದಿಗೆ ಮೇಲಿನ ಸ್ವರಗಳು ಕಿವಿಯಿಂದ ಒಂದೊಂದಾಗಿ ಜಾರಿಹೋಗಿರುತ್ತವೆ, ಯಾವ ಡ್ಯಾಕ್ ತಂದರೂ ಅವು ಮರಳುವುದಿಲ್ಲ.

ಸೊಗಸಾದ ಪೆಟ್ಟಿಗೆ, ಒಳ್ಳೆಯ ಗುಂಡಿ, ಬಾಳಿಕೆ, ರಿಪೇರಿಯ ಭರವಸೆ ಇವೆಲ್ಲಕ್ಕೂ ಬೆಲೆ ಇದೆ, ಕೈಯಲ್ಲಿ ಹಣವಿದ್ದವರು ಸಂತೋಷದಿಂದ ಕೊಡಲಿ. ದನಿಯ ಮಟ್ಟಿಗೆ ಹೇಳುವುದಾದರೆ ಹತ್ತಿಪ್ಪತ್ತು ಸಾವಿರ ರೂಪಾಯಿಯ, ಆಪ್ಟಿಕಲ್ ಮತ್ತು ಬ್ಯಾಲೆನ್ಸ್ಡ್ ಸಾಕೆಟ್ ಇರುವ ಡ್ಯಾಕ್ ಸಾಕು. ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ, ಕೋಣೆಗೆ ದಪ್ಪ ಪರದೆ, ಜಮಖಾನೆ ತನ್ನಿ. ಇಷ್ಟಾಗಿಯೂ ಲಕ್ಷದ್ದೇ ಬೇಕೆನಿಸಿದರೆ ನಿಮ್ಮ ಹಾಡು, ನಿಮ್ಮ ಮೀಟರು ಎರಡನ್ನೂ ಅಂಗಡಿಗೆ ಒಯ್ಯಿರಿ. ಮಟ್ಟ ಸಮ ಮಾಡಿ ಕೇಳಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.