ಎಳೆಯೆಣಿಕೆಯೂ ನಿರ್ದೇಶಾಂಕವೂ

"ಹೆಣ್ಣುಮಕ್ಕಳಿಗೆ ಈ ಚೌಕಳಿ ಕಾಗದದ ಲೆಕ್ಕವೇತಕ್ಕೆ?" ಎಂದು ಪಾಲಕರಲ್ಲಿ ಕೆಲವರು ಕೇಳುವುದುಂಟು. ಈ ಮಾತನ್ನು ಪದೇ ಪದೇ ಕೇಳಿದ ಹುಡುಗಿಯು, ಗಣಿತವು ತನ್ನ ಪಾಲಿನದಲ್ಲವೆಂದು ತಾನೇ ನಂಬಿ ಪುಸ್ತಕವನ್ನು ಮುಚ್ಚಿಬಿಡುತ್ತಾಳೆ. ಅವಳ ಮುಂದಿನ ಓದಿನ ಎಷ್ಟೋ ಬಾಗಿಲುಗಳು ಅಂದೇ ಮುಚ್ಚುತ್ತವೆ. ಆದರೆ ನಿರ್ದೇಶಾಂಕವೆಂಬ ಈ ವಿಷಯವನ್ನು ಧಾರವಾಡ, ಬೆಳಗಾವಿ ಸೀಮೆಯ ತಾಯಂದಿರು ಸೂಜಿಯ ಮೊನೆಯಿಂದ ಬಹುಕಾಲ ನಡೆಯಿಸಿಕೊಂಡು ಬಂದಿದ್ದಾರೆ. ನಾನು ಹೇಳುತ್ತಿರುವುದು ಕಸೂತಿಯ ಸಂಗತಿ.

ಸುರೇಬಾನದಂತಹ ನೇಕಾರರ ಊರಿನವರಿಗೆ ಹಾಸು ಹೊಕ್ಕುಗಳನ್ನು ವಿವರಿಸಬೇಕಾಗಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸತಕ್ಕದ್ದು. ಹಾಸು ನೆಟ್ಟಗೆ ನಿಲ್ಲುವಂತೆ ಬಟ್ಟೆಯನ್ನು ಹಿಡಿದು, ಯಾವುದಾದರೂ ಒಂದು ಸ್ಥಳವನ್ನು ಆರಂಭವೆಂದು ಗೊತ್ತುಮಾಡಿರಿ. ಇದೇ ಮೂಲಬಿಂದು. ಅಲ್ಲಿಂದ ಬಲಕ್ಕೆ 12 ಎಳೆ, ಮೇಲಕ್ಕೆ 20 ಎಳೆ ಎಂದರೆ ಸೂಜಿಯು ಒಂದೇ ಒಂದು ಸ್ಥಳದಲ್ಲಿ ಇಳಿಯುತ್ತದೆ. ಇದನ್ನು ಗಣಿತದಲ್ಲಿ (12, 20) ಎಂದು ಬರೆಯುತ್ತಾರೆ. (20, 12) ಎಂದರೆ ಬೇರೆ ಸ್ಥಳವೇ ಆಯಿತು. ಆದುದರಿಂದ ಅಂಕೆಗಳ ಕ್ರಮವು ಮುಖ್ಯವಾದುದು. ಎಡಕ್ಕಾಗಲಿ ಕೆಳಕ್ಕಾಗಲಿ ಎಣಿಸಿದರೆ ಋಣಚಿಹ್ನೆಯನ್ನು ಹಾಕತಕ್ಕದ್ದು.

ಮುರ್ಗಿ ಹೊಲಿಗೆಯು ಮೆಟ್ಟಿಲಿನಂತೆ ಏರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಬಲಕ್ಕೆ 4, ಮೇಲಕ್ಕೆ 4 ಎಂದು ಏರಿದರೆ ಮೆಟ್ಟಿಲುಗಳ ತುದಿಗಳು (4, 4), (8, 8), (12, 12) ಆಗುವುವು. ಎಲ್ಲವೂ ಒಂದೇ ಸರಳರೇಖೆಯ ಮೇಲಿವೆ. ಮೇಲಕ್ಕೆ 2 ಎಳೆ ಮಾತ್ರ ಏರಿದರೆ (4, 2), (8, 4), (12, 6). ಇಲ್ಲಿ ಎರಡನೆಯ ಅಂಕೆಯು ಯಾವಾಗಲೂ ಮೊದಲನೆಯದರ ಅರ್ಧ. ಈ ನಿಯಮವೇ ಆ ರೇಖೆಯ ಸಮೀಕರಣ. ರೇಖೆಯನ್ನು ಅಂಕೆಗಳಾಗಿಯೂ ಅಂಕೆಗಳನ್ನು ರೇಖೆಯಾಗಿಯೂ ಓದಬಹುದೆಂಬ ವಿಚಾರವನ್ನು ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟನು 1637ರಲ್ಲಿ ಪ್ರಕಟಿಸಿದನು.

ವಿದ್ಯಾರ್ಥಿನಿಯರು ಎಡವುವುದು ಬಹುಶಃ ಮೂಲಬಿಂದುವನ್ನು ಬದಲಾಯಿಸಿದಾಗ. ಅಕ್ಕನು ಒಂದು ಕಡೆಯಿಂದ ಎಣಿಸಿ ಹೂವಿನ ನಡುವನ್ನು (12, 20) ಎಂದಳೆನ್ನೋಣ. ತಂಗಿಯು ಅದಕ್ಕಿಂತ 10 ಎಳೆ ಎಡಕ್ಕೆ, 6 ಎಳೆ ಕೆಳಕ್ಕೆ ಆರಂಭಿಸಿದರೆ ಅದನ್ನೇ (22, 26) ಎನ್ನುವಳು. ಜಗಳವಾಡಲು ಕಾರಣವಿಲ್ಲ. ಹೂವು ಕದಲಿಲ್ಲ, ಎರಡು ಹೂವುಗಳ ನಡುವಿನ ಅಂತರವೂ ಬದಲಾಗಲಿಲ್ಲ. ಆದರೆ ಬೇರೂರಿನಲ್ಲಿರುವ ಮಗಳಿಗೆ ತಾಯಿಯು ಮಾದರಿಯನ್ನು ಅಂಕೆಗಳಲ್ಲಿಯೇ ಬರೆದು ಕಳುಹಿಸಬೇಕಾದರೆ, ಆರಂಭವೆಲ್ಲಿಯೆಂಬುದನ್ನು ಮೊದಲು ತಿಳಿಸಲೇಬೇಕು.

ಭೂಗೋಳಕ್ಕೂ ಇದೇ ನ್ಯಾಯ. ಅಕ್ಷಾಂಶಕ್ಕೆ ಭೂಮಧ್ಯರೇಖೆಯು ಸ್ವಾಭಾವಿಕವಾದ ಆರಂಭ. ರೇಖಾಂಶಕ್ಕೆ ಅಂತಹದು ಯಾವುದೂ ಇಲ್ಲ. ನಮ್ಮ ಪ್ರಾಚೀನ ಜ್ಯೋತಿಷಿಗಳು ಉಜ್ಜಯಿನಿಯಿಂದ ಎಣಿಸಿದರು, ಫ್ರೆಂಚರು ಪ್ಯಾರಿಸಿನಿಂದ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಮ್ಮೇಳನವು ಗ್ರೀನಿಚ್ಚನ್ನು ಆರಿಸಿತು. ಆ ಎಣಿಕೆಯಂತೆ ಸುರೇಬಾನವು ಉತ್ತರ 16 ಅಂಶಕ್ಕೆ ತುಸು ಕೆಳಗೆ, ಪೂರ್ವ 75 ಅಂಶವನ್ನು ತುಸು ದಾಟಿ ಇದೆ. ನಮ್ಮ ಗಡಿಯಾರಗಳಾದರೋ 82½ ಅಂಶದ ರೇಖೆಯನ್ನು ಅನುಸರಿಸುತ್ತವೆ. ಒಂದು ಅಂಶಕ್ಕೆ 4 ನಿಮಿಷದಂತೆ ಲೆಕ್ಕ ಹಾಕಿದರೆ, ಗಡಿಯಾರವು ಹನ್ನೆರಡು ಹೊಡೆದು ಸರಾಸರಿ 28 ನಿಮಿಷಗಳಾದ ಮೇಲೆಯೇ ನಮ್ಮೂರ ಸೂರ್ಯನು ನೆತ್ತಿಯ ಗೆರೆಗೆ ಬರುತ್ತಾನೆ.