ನಗರಗಳ ನೆಲೆಯೂ ಅಣ್ವಸ್ತ್ರದ ಅಪಾಯವೂ

ಹಂಪಿ ಬಜಾರಿನ ಒಂದು ತುದಿಯಲ್ಲಿ ವಿರೂಪಾಕ್ಷನ ಗೋಪುರ, ಇನ್ನೊಂದು ತುದಿಯಲ್ಲಿ ಮಾತಂಗ ಪರ್ವತದ ತಪ್ಪಲಿನ ಏಕಶಿಲಾ ನಂದಿ. ನಡುವಣ ಅಂತರ ಒಂದು ಕಿಲೋಮೀಟರಿಗೆ ಸಮೀಪ. ಈ ಬೀದಿಯನ್ನೇ ಅಳತೆಗೋಲಾಗಿ ಹಿಡಿದು ನಾವೊಂದು ಕಠಿಣ ಪ್ರಶ್ನೆಯನ್ನು ವಿಚಾರಿಸೋಣ: ಅಣುಯುದ್ಧದಲ್ಲಿ ದೇಶವೊಂದಕ್ಕೆ ಒದಗುವ ಹಾನಿಯನ್ನು ಬಾಂಬಿನ ಬಲವೊಂದೇ ನಿರ್ಧರಿಸುವುದೆ, ಊರು ಕಾರ್ಖಾನೆಗಳ ನೆಲೆಯೂ ನಿರ್ಧರಿಸುವುದೆ?

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಸಿಡಿದ ಬಾಂಬಿನ ಬಲ ಸುಮಾರು 15 ಕಿಲೋಟನ್. ಎಂದರೆ 15,000 ಟನ್ ಟಿ.ಎನ್.ಟಿ. ಸಿಡಿಮದ್ದಿನಷ್ಟು. ಆ ಊರು ನದೀಮುಖದ ಸಮತಟ್ಟಾದ ನೆಲದಲ್ಲಿತ್ತು. ಎರಡು ಬಜಾರಿನಷ್ಟು ದೂರದವರೆಗೆ ಸುತ್ತಲೂ ಬಹುತೇಕ ಎಲ್ಲವೂ ಸುಟ್ಟು ನೆಲಸಮವಾಯಿತು. ಮೂರು ದಿನಗಳ ತರುವಾಯ ನಾಗಸಾಕಿಯ ಮೇಲೆ ಸಿಡಿದುದು ಇನ್ನೂ ಪ್ರಬಲವಾದ, ಸುಮಾರು 21 ಕಿಲೋಟನ್ನಿನ ಬಾಂಬು. ಆದರೂ ಅಲ್ಲಿ ಹಾಳಾದ ಪ್ರದೇಶ ಕಡಿಮೆ. ಸ್ಫೋಟವು ಉರಾಕಮಿ ಕಣಿವೆಯಲ್ಲಿ ಆದುದರಿಂದ ನಡುವಣ ಗುಡ್ಡಗಳು ಊರಿನ ಇತರ ಭಾಗಗಳಿಗೆ ಗೋಡೆಯಾದುವು.

ದೂರವೂ ಒಂದು ರಕ್ಷಣೆಯೇ. ಬಾಂಬಿನ ಬಲ ಎಂಟು ಮಡಿಯಾದರೆ ಆಘಾತದ ಅಲೆ ಹಾಳುಗೆಡಹುವ ದೂರ ಸುಮಾರು ಎರಡು ಮಡಿಯಷ್ಟೇ ಆಗುವುದು. ಏಕೆಂದರೆ ಶಕ್ತಿಯು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಹಂಚಿಹೋಗುವುದು. ಆದುದರಿಂದ ಜನವೂ ಕೈಗಾರಿಕೆಯೂ ಒಂದೆಡೆ ಕಿಕ್ಕಿರಿದಷ್ಟೂ ಒಂದೇ ಸ್ಫೋಟದ ಹಾನಿ ಹೆಚ್ಚು, ಚದರಿದಷ್ಟೂ ಕಡಿಮೆ. 1565ರ ಯುದ್ಧದ ತರುವಾಯ ವಿಜಯನಗರ ಹಾಳಾದರೂ ರಾಜ್ಯವು ಒಮ್ಮೆಲೇ ಅಳಿಯಲಿಲ್ಲ. ರಾಜಧಾನಿ ಪೆನುಕೊಂಡೆಗೆ ಸಾಗಿತು. ಬಲಗುಂದಿದ ರಾಜ್ಯ ಇನ್ನೂ ಹಲವು ದಶಕ ಬಾಳಿತು. ಬೇರೆ ಕೋಟೆಗಳು ಇದ್ದುದೇ ಅದಕ್ಕೆ ಆಸರೆ.

ಹಾಗಾದರೆ ಎಲ್ಲವನ್ನೂ ಚದರಿಸಿಬಿಟ್ಟರೆ ಸಾಕೆ? ಅದು ಸುಲಭವಲ್ಲ. ಸಂಡೂರಿನ ಗುಡ್ಡಗಳಲ್ಲಿರುವ ಕಬ್ಬಿಣದ ಅದಿರನ್ನು ಬೇಕಾದೆಡೆ ಎತ್ತಿಡಲಾಗದು. ಹತ್ತಿರದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಬೆಳೆದುದು ಸಹಜವೇ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದುವು. ಒಂದು ಉದ್ಯಮದ ಬೆನ್ನಿಗೆ ಮತ್ತೊಂದು ಬಂದಿತು. ಆ ಮಹಾನಗರವು ಕುಡಿಯುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ವಿದ್ಯುತ್ ಪಂಪುಗಳ ಬಲದಿಂದ ಏರಿಬರಬೇಕು. ಬಾಂಬು ನಗರದ ಮೇಲೆಯೇ ಬೀಳಬೇಕೆಂದಿಲ್ಲ. ವಿದ್ಯುತ್ತು ಕಡಿದರೂ ನಲ್ಲಿ ಬತ್ತುವುದು.

ಇನ್ನೊಂದು ಸಂಗತಿ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯ ವಿಕಿರಣ ಧೂಳು, ನೂರು ಕಿಲೋಮೀಟರಿಗೂ ಆಚೆಯಿದ್ದ ರೊಂಗೆಲಾಪ್ ದ್ವೀಪದ ಜನರ ಮೇಲೆ ಸುರಿಯಿತು. ಮಾತಂಗದಂಥ ಗುಡ್ಡ ಆಘಾತದ ಅಲೆಯನ್ನು ತಡೆದೀತು. ಗಾಳಿಯಲ್ಲಿ ತೇಲಿಬರುವ ಧೂಳನ್ನು ತಡೆಯಲಾರದು. ನೆಲದ ರಚನೆ ಹಾನಿಯನ್ನು ತಗ್ಗಿಸಬಲ್ಲುದೇ ಹೊರತು ಇಲ್ಲವಾಗಿಸದು. ಅಂಥ ಯುದ್ಧವೇ ನಡೆಯದಂತೆ ನೋಡಿಕೊಳ್ಳುವ ಹೊಣೆ ಮನುಷ್ಯನ ವಿವೇಕದ ಮೇಲೆಯೇ ಉಳಿಯುವುದು.