ದಸ್ತಗಿರಿ, ಝಡತಿ, ಪಂಚನಾಮೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಗೊರೇಬಾಳದಂಥ ಊರುಗಳಲ್ಲಿ ಪೊಲೀಸರ ಮಾತು ಬಂದಾಗ ಜನರ ಬಾಯಲ್ಲಿ ಸುಳಿಯುವ ಶಬ್ದಗಳನ್ನು ಗಮನಿಸಬೇಕು. ಠಾಣೆ, ಗಸ್ತು, ಫಿರ್ಯಾದಿ, ದಸ್ತಗಿರಿ, ಝಡತಿ, ಜಪ್ತಿ, ಪಂಚನಾಮೆ, ಜಾಮೀನು. ಇವುಗಳಲ್ಲಿ ಅಚ್ಚಗನ್ನಡದ್ದು ಒಂದೂ ಇಲ್ಲ. ಠಾಣೆ ಸಂಸ್ಕೃತದ ‘ಸ್ಥಾನ’ದಿಂದ ಬಂತು, ಝಡತಿ ಮರಾಠಿಯದು. ಉಳಿದವುಗಳ ಬೇರು ಪಾರಸಿ, ಅರಬ್ಬಿಗಳಲ್ಲಿದೆ. ಗಸ್ತು ಎಂದರೆ ಸುತ್ತಾಟ. ಫಿರ್ಯಾದಿಯ ಮೂಲವಾದ ‘ಫರಿಯಾದ್’ ಎಂದರೆ ಮೊರೆ. ಪಂಚನಾಮೆ ಮಾತ್ರ ಮಿಶ್ರ ಸಂತಾನ: ನಮ್ಮ ಪಂಚರು, ಪಾರಸಿಯ ನಾಮೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ದಸ್ತಗಿರಿ. ಪಾರಸಿಯಲ್ಲಿ ‘ದಸ್ತ್’ ಎಂದರೆ ಕೈ, ‘ಗೀರ್’ ಎಂದರೆ ಹಿಡಿಯುವವನು. ಕಷ್ಟದಲ್ಲಿ ಕೈಹಿಡಿಯುವ ಸಂತನಿಗೂ ಇದೇ ಹೆಸರು. ಬಾಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿಯವರನ್ನು ದಸ್ತಗೀರ್ ಎಂದು ಕರೆದ ಕಾರಣಕ್ಕೇ ಈ ಭಾಗದಲ್ಲಿ ದಸ್ತಗೀರಸಾಬ ಎಂಬ ಹೆಸರಿನವರು ಬಹಳ. ಒಂದೇ ಶಬ್ದ ಒಂದು ಕಡೆ ಕಾಯುವ ಕೈ, ಇನ್ನೊಂದು ಕಡೆ ಬಿಗಿಯುವ ಕೈ.

ಈ ಶಬ್ದಗಳು ಇಲ್ಲಿ ಇಷ್ಟು ಗಟ್ಟಿಯಾಗಿ ನೆಲೆಯೂರಲು ಚರಿತ್ರೆಯ ಕಾರಣವಿದೆ. ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1853ರಿಂದ 1860ರವರೆಗೆ ಮಾತ್ರ ಇಂಗ್ಲಿಷರ ಕೈಯಲ್ಲಿತ್ತು. ಜಿಲ್ಲೆಗಳಿಗೆ ಪ್ರತ್ಯೇಕ ಪೊಲೀಸ್ ವ್ಯವಸ್ಥೆ ಬಂದದ್ದು ಒಂದನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ, 1860ರ ದಶಕದಲ್ಲಿ. ಠಾಣೆಯ ಅಧಿಕಾರಿ ಅಮೀನ. ಹಳ್ಳಿಯಲ್ಲಿ ಅವನ ಕಣ್ಣು, ಕಿವಿ ಎರಡೂ ಆಗಿದ್ದವನು ವಂಶಪಾರಂಪರ್ಯದ ಪೊಲೀಸ್ ಪಾಟೀಲ; ಕಂದಾಯ ನೋಡುವವನು ಮಾಲಿ ಪಾಟೀಲ. ರಾತ್ರಿ ಗಸ್ತು ತಳವಾರನದು. 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಆಡುವುದು ಕನ್ನಡ, ಬರೆಯುವುದು ಉರ್ದು. ಕಾಗದದಲ್ಲಿ ಏನಿದೆಯೆಂದು ತಿಳಿಯಲು ಓದಬಲ್ಲವನನ್ನು ಹುಡುಕಬೇಕು. ಅವನು ಹೇಳಿದ್ದನ್ನು ನಂಬಬೇಕು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತಕ್ಕೆ ಸೇರಿತು. 1951ರಲ್ಲಿ ದೇಶದ ದಂಡಸಂಹಿತೆ ಇಲ್ಲಿಗೂ ಅನ್ವಯವಾಯಿತು. 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯದೊಳಗೆ ಬಂತು. ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಯಾದ ಮೇಲೆ ವಂಶಪಾರಂಪರ್ಯದ ಪಾಟೀಲಕಿಯೂ ಹೋಯಿತು. ಪೊಲೀಸ್ ಪಾಟೀಲ, ಮಾಲಿ ಪಾಟೀಲ ಎಂಬುವು ಈಗ ಅಡ್ಡಹೆಸರುಗಳಾಗಿ ಉಳಿದಿವೆ. ತಳವಾರನ ಗಸ್ತಿನ ಜಾಗದಲ್ಲಿ ಬೀಟ್ ಪೊಲೀಸರಿದ್ದಾರೆ. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದು ಬೀಟಿಗೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡುವ ಸುಧಾರಿತ ಪದ್ಧತಿ ರಾಜ್ಯದಲ್ಲಿ 2017ರಲ್ಲಿ ಬಂತು.

ಆಡಳಿತ ಬದಲಾದರೂ ಹಳೆಯ ತೊಡಕು ಪೂರ್ತಿ ಬಿಡಲಿಲ್ಲ. ಠಾಣೆಯ ಕಾಗದ ಕನ್ನಡಕ್ಕೆ ಬಂತು ಸರಿ. ಆದರೆ ‘ಅಂಗ ಝಡತಿ ಮಾಡಲಾಗಿ’, ‘ಜಪ್ತು ಪಡಿಸಿಕೊಂಡು’ ಎನ್ನುವ ಕನ್ನಡ ಎಷ್ಟು ಜನರಿಗೆ ಪೂರ್ತಿ ತಿಳಿದೀತು? ಮೇಲಾಗಿ ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿದ ಮೇಲೆ ಈ ಸೀಮೆಯ ಕ್ಯಾಂಪುಗಳಲ್ಲಿ ತೆಲುಗರು ನೆಲೆಸಿದ್ದಾರೆ. ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಗಳಿದ್ದಾರೆ. ಉರ್ದು, ಲಂಬಾಣಿ ಆಡುವವರು ಮೊದಲಿನಿಂದಲೂ ಇದ್ದಾರೆ.

ದಸ್ತಗಿರಿಯಾದವನಿಗೆ ಕಾರಣ ತಿಳಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ತಿಳಿಸುವುದೆಂದರೇನು? 1962ರಲ್ಲಿ ನಾಗಪುರದ ಹರಿಕಿಶನ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಮುಂಜಾಗ್ರತಾ ಬಂಧನದಲ್ಲಿದ್ದ ಅವರಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಹಿಂದಿಯಲ್ಲಿ ಕೊಡಿ ಎಂದು ಕೇಳಿದರೆ ಸರ್ಕಾರ ಒಪ್ಪಲಿಲ್ಲ. ಕೋರ್ಟ್ ಬಂಧನವನ್ನೇ ರದ್ದು ಮಾಡಿತು. ಸಾಮಾನ್ಯ ದಸ್ತಗಿರಿಗೆ ಈ ಮಾತು ಇಷ್ಟೇ ಸ್ಪಷ್ಟವಾಗಿ ಅನ್ವಯವಾಗಲು 2025ರ ನವೆಂಬರ್‌ವರೆಗೆ ಕಾಯಬೇಕಾಯಿತು. ಮುಂಬಯಿಯ ಒಂದು ಕಾರು ಅಪಘಾತದಿಂದ ಹುಟ್ಟಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು ಎಂದು ಅದೇ ಕೋರ್ಟ್ ಹೇಳಿತು. ಆ ಕ್ಷಣದಲ್ಲಿ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ತಿಳಿಸಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಲಿಖಿತವಾಗಿ ಕೊಡಬೇಕು.

ಇದಕ್ಕೂ ಹಿಂದಿನ ದೊಡ್ಡ ಹೆಜ್ಜೆಯೆಂದರೆ ಡಿ.ಕೆ. ಬಸು ಪ್ರಕರಣ. ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಬಸು ಅವರು 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಅದನ್ನೇ ಅರ್ಜಿಯೆಂದು ಪರಿಗಣಿಸಿದ ಕೋರ್ಟ್ 1996ರ ಡಿಸೆಂಬರಿನಲ್ಲಿ 11 ಸೂಚನೆಗಳನ್ನು ಕೊಟ್ಟಿತು. ಅವುಗಳ ಬಹುಪಾಲು ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೊಳಗಿದೆ. ಹಿಡಿಯುವ ಪೊಲೀಸರ ಹೆಸರು ಎದ್ದು ಕಾಣಬೇಕು. ಬಂಧನ ಪತ್ರಕ್ಕೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಬೇಕು. ಹತ್ತಿರದವರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಪವಾದದ ಸಂದರ್ಭ ಬಿಟ್ಟರೆ, ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ.

ವಾರಂಟಿಲ್ಲದೆ ಪೊಲೀಸರು ಮುಟ್ಟುವಂತಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಉಂಟು. ಅದು ಅರ್ಧ ಸತ್ಯ ಮಾತ್ರ. ಕೊಲೆ, ಕಳವಿನಂಥ ಪ್ರಕರಣಗಳಲ್ಲಿ ವಾರಂಟು ಬೇಕಾಗಿಲ್ಲ. ಆದರೆ 7 ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ದಸ್ತಗಿರಿ ಏಕೆ ಬೇಕೆಂದು ಅಧಿಕಾರಿ ಕಾರಣ ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ನೋಟಿಸು ಕೊಡಬೇಕು.

ಮನೆಯ ಝಡತಿಗೆ ಆಸುಪಾಸಿನ ಇಬ್ಬರಾದರೂ ಪಂಚರು ಬೇಕು. ಐವರು ಇಬ್ಬರಾಗಿದ್ದಾರೆ, ಹೆಸರು ಮಾತ್ರ ಹಾಗೇ ಇದೆ! ಮನೆಯವರು ಅಲ್ಲೇ ನಿಂತು ನೋಡಬಹುದು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಪಡೆಯಬಹುದು. ಹೆಂಗಸರ ಅಂಗ ಝಡತಿಯನ್ನು ಹೆಂಗಸರೇ ಮಾಡಬೇಕು. ಹೊಸ ಸಂಹಿತೆಯ ಪ್ರಕಾರ ಝಡತಿ, ಜಪ್ತಿಗಳನ್ನು ವೀಡಿಯೊ ಮಾಡುವುದು ಕಡ್ಡಾಯ, ಮೊಬೈಲಿನಲ್ಲಾದರೂ ಆದೀತು.

ಕಡೆಗೆ ಸಹಿಯ ವಿಚಾರ. ‘ಓದಿ ಹೇಳಲಾಗಿ ಕೇಳಿದೆ, ಸರಿ ಇದೆ’ ಎಂಬ ಸಾಲು ಠಾಣೆಯ ಕಾಗದಗಳ ತುದಿಯಲ್ಲಿ ಕಾಣುವುದು ರೂಢಿ. ಅದರ ಕೆಳಗೆ ಹೆಬ್ಬೆಟ್ಟು ಒತ್ತುವ ಮುನ್ನ ಅದು ಯಾವ ಕಾಗದವೆಂದು ಕೇಳಬಹುದು. ಬಂಧನ ಪತ್ರಕ್ಕೆ ಬಂಧಿತನ ಸಹಿ ಬೇಕು, ಜಪ್ತಿಯ ಪಟ್ಟಿಗೆ ಪಂಚರ ಸಹಿ ಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಮಾತ್ರ ಹೇಳಿದವನಿಂದ ಸಹಿ ಹಾಕಿಸುವಂತಿಲ್ಲ.